ಉಗ್ಗುಮಾತು ಮತ್ತು ಉದ್ಯೋಗ: ಚಾರ್ಲ್ಸ್ ಲ್ಯಾಂಬ್‌ನ ವೃತ್ತಿಜೀವನದ ಒಂದು ಪರಿಶೀಲನೆ

ವಾಗ್ದೋಷವಿದ್ದ ಪ್ರಸಿದ್ಧರ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ಗೆಲುವಿನ ಕಥೆಯ ಮಾದರಿಯನ್ನೇ ಅನುಸರಿಸಲಾಗುತ್ತದೆ. ಬಾಯಲ್ಲಿ ಸಣ್ಣ ಕಲ್ಲುಗಳನ್ನಿಟ್ಟುಕೊಂಡು ಮಾತನ್ನು ಸಾಧಿಸಿದ ಅಥೆನ್ಸಿನ ಡೆಮಾಸ್ತನೀಸನ ವೃತ್ತಾಂತ ಪ್ಲೂಟಾರ್ಕನಿಂದ ಮೊದಲುಗೊಂಡು ಶಾಲಾಪಠ್ಯಗಳವರೆಗೆ ಹರಿದುಬಂದಿದೆ. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್, ಆಸ್ಟ್ರೇಲಿಯಾದಿಂದ ಬಂದ ಲಯನೆಲ್ ಲೋಗ್ ಎಂಬ ವಾಕ್‌ಶಿಕ್ಷಕನ ನೆರವಿನಿಂದ ಸಾರ್ವಜನಿಕ ಭಾಷಣದ ಭಯವನ್ನು ಗೆದ್ದ ಸಂಗತಿ 2010ರಲ್ಲಿ ಚಲನಚಿತ್ರವಾಗಿ ಲೋಕಪ್ರಸಿದ್ಧವಾಯಿತು. ಇಂಥ ಕಥೆಗಳಲ್ಲಿ ಎರಡೇ ಪಾತ್ರಗಳು: ಒಂದು ನಾಲಗೆ, ಇನ್ನೊಂದು ಛಲ. ದೊರೆಗೆ ಉಗ್ಗಿನಿಂದ ಸಂಕಟವಾದದ್ದು ನಿಜ. ಆದರೆ ಅದರಿಂದ ಅವನ ಉದ್ಯೋಗವೇನೂ ಹೋಗುವಂತಿರಲಿಲ್ಲ. ದುಡಿದು ತಿನ್ನಬೇಕಾದ ಮನೆತನದ ಹುಡುಗನೊಬ್ಬನ ಸ್ಥಿತಿ ಬೇರೆ. ಅವನ ಪಾಲಿಗೆ ಪ್ರಶ್ನೆ ಬರುವುದು ಮಾತಿನ ವೇದಿಕೆಯಲ್ಲಲ್ಲ, ಅದಕ್ಕೂ ಬಹಳ ಮೊದಲು, ಶಾಲೆಯ ಬಾಗಿಲಲ್ಲಿ. ಯಾವ ಸಂಸ್ಥೆ ಯಾವ ಕೆಲಸಕ್ಕೆ ಬಾಯಿಮಾತನ್ನು ಅರ್ಹತೆಯನ್ನಾಗಿ ಮಾಡಿದೆ, ಯಾವುದು ಕೈಬರಹದಿಂದಷ್ಟೇ ತೃಪ್ತವಾಗುತ್ತದೆ ಎಂಬುದರ ಮೇಲೆ ಅವನ ಬದುಕಿನ ದಾರಿ ನಿಶ್ಚಯವಾಗುತ್ತದೆ. ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್‌ನ ಜೀವನ ಇದಕ್ಕೆ ಒಂದು ಸ್ಪಷ್ಟ ನಿದರ್ಶನ.

ಮೊದಲಿಗೆ ಪದಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ತೊದಲು’ ಮತ್ತು ‘ಉಗ್ಗು’ ಎಂಬ ಎರಡು ಶಬ್ದಗಳನ್ನು ಅನೇಕ ವೇಳೆ ಒಂದರ ಬದಲಿಗೆ ಇನ್ನೊಂದನ್ನು ಬಳಸುವುದುಂಟು. ಆದರೆ ತೊದಲುವುದು ಮಗುವಿಗೆ ಸಹಜವಾದದ್ದು, ಕೇಳುವವರಿಗೆ ಪ್ರಿಯವಾದದ್ದು, ಉಗ್ಗುವುದು ಹಾಗಲ್ಲ. ಹೇಳಬೇಕಾದ ಮಾತು ಮನಸ್ಸಿನಲ್ಲಿ ಸಿದ್ಧವಾಗಿದ್ದರೂ ಮೊದಲಕ್ಷರದಲ್ಲಿಯೇ ತಡೆದು ನಿಲ್ಲುವುದು, ಅದೇ ಅಕ್ಷರ ಮತ್ತೆ ಮತ್ತೆ ಮರುಕಳಿಸುವುದು ಉಗ್ಗಿನ ಲಕ್ಷಣ. ಬಾಲ್ಯದಲ್ಲಿ ನೂರಕ್ಕೆ ಸುಮಾರು ಐವರಲ್ಲಿ ಕಾಣಿಸಿಕೊಂಡು, ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಮಾಯವಾಗಿ, ವಯಸ್ಕರಲ್ಲಿ ನೂರಕ್ಕೆ ಒಬ್ಬರಷ್ಟು ಮಂದಿಯಲ್ಲಿ ಉಳಿದುಕೊಳ್ಳುವ ಈ ತೊಂದರೆಗೆ ಅನುವಂಶೀಯ ಕಾರಣಗಳೂ ಇವೆಯೆಂದು ಇಂದಿನ ವೈದ್ಯಶಾಸ್ತ್ರ ಒಪ್ಪಿದೆ. ಬುದ್ಧಿಯ ಕೊರತೆಗೂ ಇದಕ್ಕೂ ಸಂಬಂಧವಿಲ್ಲ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಈ ತಿಳಿವಳಿಕೆ ಇರಲಿಲ್ಲ. ಉಗ್ಗನ್ನು ಅಂಜಿಕೆಯೆಂದೋ ದುರಭ್ಯಾಸವೆಂದೋ ಎಣಿಸುವುದು ರೂಢಿಯಾಗಿತ್ತು.

ಚಾರ್ಲ್ಸ್ ಲ್ಯಾಂಬ್ ಹುಟ್ಟಿದ್ದು 1775ರ ಫೆಬ್ರವರಿ 10ರಂದು, ಲಂಡನ್ನಿನ ಇನ್ನರ್ ಟೆಂಪಲ್ ಎಂಬ ವಕೀಲರ ಆವರಣದಲ್ಲಿ. ತಂದೆ ಜಾನ್ ಲ್ಯಾಂಬ್, ಸ್ಯಾಮ್ಯುಯೆಲ್ ಸಾಲ್ಟ್ ಎಂಬ ಹಿರಿಯ ವಕೀಲನ ಬಳಿ ಗುಮಾಸ್ತನೂ ಸೇವಕನೂ ಆಗಿದ್ದವನು. ಮನೆ ಯಜಮಾನನ ಆಶ್ರಯದಲ್ಲಿತ್ತು. ಸ್ವಂತ ಆಸ್ತಿ ಎಂಬುದಿರಲಿಲ್ಲ. ಅಣ್ಣ ಜಾನ್ ಹನ್ನೆರಡು ವರ್ಷ ಹಿರಿಯ, ಅಕ್ಕ ಮೇರಿ ಹತ್ತು ವರ್ಷ ಹಿರಿಯಳು. ವಕೀಲಿ ವೃತ್ತಿ ಎಂದರೆ ಬಾಯಿಯ ಬಲದ ಮೇಲೆ ನಿಂತ ವೃತ್ತಿ. ಹೀಗೆ ಮಾತನ್ನೇ ಮಾರಿ ಬದುಕುವವರ ಅಂಗಳದಲ್ಲಿ ಮಾತು ಬಾರದ ಹುಡುಗ ಬೆಳೆದ.

1782ರಲ್ಲಿ, ಏಳನೆಯ ವಯಸ್ಸಿನಲ್ಲಿ, ಅವನು ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಗೆ ಸೇರಿದ. ಹೆಸರಿನಲ್ಲಿ ಆಸ್ಪತ್ರೆ ಎಂದಿದ್ದರೂ ಅದು ಆರನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1552ರಲ್ಲಿ, ಬಡ ಮಕ್ಕಳಿಗಾಗಿ ಸ್ಥಾಪಿತವಾದ ಧರ್ಮಶಾಲೆ. ಉದ್ದನೆಯ ನೀಲಿ ಅಂಗಿ ತೊಟ್ಟ ಅಲ್ಲಿನ ಹುಡುಗರಲ್ಲಿ ಬಹುಪಾಲು ಜನ ಹದಿನಾಲ್ಕು ಹದಿನೈದರ ಹೊತ್ತಿಗೆ ಶಾಲೆ ಬಿಟ್ಟು ವ್ಯಾಪಾರಿಗಳ ಬಳಿಯೋ ಕಸುಬುದಾರರ ಬಳಿಯೋ ಕೆಲಸಕ್ಕೆ ಸೇರುತ್ತಿದ್ದರು. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಪ್ರತಿಭೆ ತೋರಿದ ಕೆಲವೇ ಹುಡುಗರನ್ನು ಮಾತ್ರ ಆರಿಸಿ ಮೇಲಿನ ತರಗತಿಯಲ್ಲಿ ಉಳಿಸಿಕೊಳ್ಳಲಾಗುತ್ತಿತ್ತು. ‘ಗ್ರೀಷಿಯನ್’ ಎಂದು ಕರೆಸಿಕೊಳ್ಳುತ್ತಿದ್ದ ಈ ಬೆರಳೆಣಿಕೆಯ ವಿದ್ಯಾರ್ಥಿಗಳು ಶಾಲೆಯ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್ ಅಥವಾ ಆಕ್ಸ್‌ಫರ್ಡ್‌ಗೆ ಹೋಗುತ್ತಿದ್ದರು. ಬಡವರ ಮಗನಿಗೆ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲು ಇದ್ದ ದಾರಿ ಇದೊಂದೇ ಎನ್ನಬಹುದು. ಆದರೆ ಈ ದಾರಿಗೆ ಒಂದು ಕರಾರು ಇತ್ತು. ಗ್ರೀಷಿಯನ್ ಆದವನು ಮುಂದೆ ಚರ್ಚಿನ ದೀಕ್ಷೆ ಪಡೆದು ಪಾದ್ರಿಯಾಗಬೇಕೆಂಬುದು ರೂಢಿ.

ಲ್ಯಾಂಬ್‌ನ ಲ್ಯಾಟಿನ್ ಚೆನ್ನಾಗಿತ್ತು. ಗ್ರೀಷಿಯನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ‘ಡೆಪ್ಯುಟಿ ಗ್ರೀಷಿಯನ್’ ಸ್ಥಾನದವರೆಗೆ ಅವನು ಏರಿದ್ದ. ಅಲ್ಲಿಗೆ ಓದು ನಿಂತಿತು. 1789ರ ನವೆಂಬರಿನಲ್ಲಿ, ಹದಿನಾಲ್ಕು ವರ್ಷ ತುಂಬಿ ಕೆಲವು ತಿಂಗಳಾಗಿದ್ದಾಗ, ಅವನು ಶಾಲೆ ಬಿಟ್ಟ. ಧರ್ಮೋಪದೇಶ ಮಾಡಲಾರದ ಹುಡುಗನನ್ನು ಧರ್ಮೋಪದೇಶಕ್ಕೆಂದು ತರಬೇತು ಮಾಡುವುದು ವ್ಯರ್ಥವೆಂಬುದು ಇದರ ಹಿಂದಿನ ಲೆಕ್ಕಾಚಾರ. ಮುಖ್ಯೋಪಾಧ್ಯಾಯ ಜೇಮ್ಸ್ ಬೋಯರ್ ಬೆತ್ತದ ಬಳಕೆಗೆ ಹೆಸರಾದವನು. ಆದರೂ ಲ್ಯಾಂಬ್‌ನ ವಿಷಯದಲ್ಲಿ ಯಾರೂ ಕ್ರೂರವಾಗಿ ನಡೆದುಕೊಂಡಂತೆ ಕಾಣುವುದಿಲ್ಲ. ಸಹಪಾಠಿ ಚಾರ್ಲ್ಸ್ ವ್ಯಾಲೆಂಟೈನ್ ಲೆ ಗ್ರೈಸ್ ನೆನಪಿಸಿಕೊಂಡಿರುವಂತೆ, ಮಾತಿನ ತೊಂದರೆಯಿದ್ದ ಆ ಸಾಧು ಹುಡುಗನನ್ನು ಉಪಾಧ್ಯಾಯರೂ ಜೊತೆಗಾರರೂ ಮೃದುವಾಗಿಯೇ ನೋಡಿಕೊಂಡಿದ್ದರು. ಈ ಸಾಕ್ಷ್ಯವನ್ನು ಜೀವನಚರಿತ್ರಕಾರರು ಲ್ಯಾಂಬ್‌ನ ಸೌಮ್ಯ ಸ್ವಭಾವಕ್ಕೆ ಆಧಾರವಾಗಿ ಉದ್ಧರಿಸುತ್ತಾರೆ. ಅದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ: ಉಗ್ಗಿನ ಹುಡುಗನನ್ನು ಹೊರಗಿಡಲು ಯಾರ ದುಷ್ಟತನವೂ ಬೇಕಾಗಿರಲಿಲ್ಲ. ಎಲ್ಲರೂ ಕರುಣೆಯಿಂದಿದ್ದರು, ನಿಯಮ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

ಇದು ಒಬ್ಬನ ದುರದೃಷ್ಟ ಮಾತ್ರವಾಗಿರಲಿಲ್ಲ ಎಂಬುದಕ್ಕೆ ಅದೇ ಶಾಲೆಯ ಇನ್ನೊಬ್ಬ ವಿದ್ಯಾರ್ಥಿಯ ಸಾಕ್ಷ್ಯವಿದೆ. ಮುಂದೆ ಕವಿಯೂ ಪತ್ರಕರ್ತನೂ ಆಗಿ ಪ್ರಸಿದ್ಧನಾದ ಲೀ ಹಂಟ್, ಲ್ಯಾಂಬ್ ಬಿಟ್ಟ ಎರಡು ವರ್ಷಗಳ ಮೇಲೆ, 1791ರಲ್ಲಿ ಅಲ್ಲಿಗೆ ಸೇರಿ 1799ರಲ್ಲಿ ಹೊರಬಂದ. ಅವನೂ ಉಗ್ಗುತ್ತಿದ್ದ, ಅವನೂ ಡೆಪ್ಯುಟಿ ಗ್ರೀಷಿಯನ್ ಸ್ಥಾನದಲ್ಲಿಯೇ ನಿಂತ. 1850ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಗ್ರೀಷಿಯನ್ ಆದವನು ಶಾಲೆ ಬಿಡುವ ಮುನ್ನ ಸಭೆಯಲ್ಲಿ ಭಾಷಣ ಮಾಡಬೇಕಿತ್ತು, ಆಮೇಲೆ ಚರ್ಚಿನ ಸೇವೆಗೆ ಸೇರಬೇಕಿತ್ತು. ಎರಡೂ ತನ್ನಿಂದ ಆಗದ ಕೆಲಸವಾದ್ದರಿಂದ ಆ ಸ್ಥಾನ ತನಗೆ ದೊರೆಯಲಿಲ್ಲವೆಂಬುದು ಅವನ ವಿವರಣೆ. ಹತ್ತು ವರ್ಷಗಳ ಅಂತರದಲ್ಲಿ ಒಂದೇ ಶಾಲೆ ಇಬ್ಬರು ಸಮರ್ಥ ಲೇಖಕರನ್ನು ಒಂದೇ ಮೆಟ್ಟಿಲಲ್ಲಿ ನಿಲ್ಲಿಸಿತು.

ನಿಲ್ಲದೆ ಮುಂದೆ ಹೋದವರು ಯಾರು? ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ ಲ್ಯಾಂಬ್‌ನ ಸಹಪಾಠಿ. ಅವನು ಗ್ರೀಷಿಯನ್ ಆಗಿ 1791ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜಿಗೆ ಹೋದ. ಪದವಿ ಪಡೆಯದೆಯೇ ಹಿಂದಿರುಗಿದ ಎಂಬುದು ಬೇರೆ ಮಾತು. ಲೆ ಗ್ರೈಸ್ ಗ್ರೀಷಿಯನ್ ಆಗಿ, ಕೇಂಬ್ರಿಜ್‌ನಲ್ಲಿ ಓದಿ, ಪಾದ್ರಿಯಾದ. ಇವರಿಗಿಂತ ಸ್ವಲ್ಪ ಹಿರಿಯನಾದ ತಾಮಸ್ ಫ್ಯಾನ್‌ಷಾ ಮಿಡಲ್ಟನ್ 1814ರಲ್ಲಿ ಕಲ್ಕತ್ತೆಯ ಮೊಟ್ಟಮೊದಲ ಬಿಷಪ್ ಆಗಿ ನೇಮಕಗೊಂಡ. ಕಲ್ಕತ್ತೆಗೆ ಧರ್ಮಗುರುವಾಗಿ ಹೋದವನೂ, ಕಲ್ಕತ್ತೆಯಿಂದ ಬಂದ ನೀಲಿಯ ಲೆಕ್ಕವನ್ನು ಲಂಡನ್ನಿನಲ್ಲಿ ಕುಳಿತು ಬರೆದವನೂ ಒಂದೇ ಶಾಲೆಯ, ಹೆಚ್ಚು ಕಡಿಮೆ ಒಂದೇ ಕಾಲದ ಹುಡುಗರು. ಇಬ್ಬರ ಜ್ಞಾನದಲ್ಲಿ ಅಂತರವಿತ್ತೆಂದು ಒಪ್ಪಿದರೂ ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬನಿಗೆ ಮುಚ್ಚಿದ್ದು ಜ್ಞಾನದ ಕಾರಣದಿಂದಲ್ಲ.

ಶಾಲೆ ಬಿಟ್ಟ ಲ್ಯಾಂಬ್ ಕೆಲಕಾಲ ಒಬ್ಬ ವರ್ತಕನ ಕಚೇರಿಯಲ್ಲಿದ್ದು, 1791ರಲ್ಲಿ ಸೌತ್ ಸೀ ಕಂಪೆನಿಯಲ್ಲಿ ಗುಮಾಸ್ತನಾದ. ಅಣ್ಣ ಆಗಲೇ ಅಲ್ಲಿದ್ದ. ಯಜಮಾನ ಸಾಲ್ಟ್ ಆ ಕಂಪೆನಿಯ ಉಪಾಧ್ಯಕ್ಷನೂ ಆಗಿದ್ದ. ಆದರೆ ಅಲ್ಲಿದ್ದುದು ಕೆಲವೇ ತಿಂಗಳು. 1792ರ ಏಪ್ರಿಲ್ 5ರಂದು ಅವನು ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸಿನಲ್ಲಿ, ಲೆಕ್ಕಪತ್ರ ವಿಭಾಗದ ಗುಮಾಸ್ತನಾಗಿ ಸೇರಿದ. ಅದೇ ವರ್ಷ ಸಾಲ್ಟ್ ತೀರಿಕೊಂಡದ್ದರಿಂದ ಕುಟುಂಬ ಟೆಂಪಲ್ ಆವರಣದ ಮನೆಯನ್ನೂ ಬಿಡಬೇಕಾಯಿತು. ಕಂಪೆನಿಯ ಪದ್ಧತಿಯಂತೆ ಹೊಸ ಗುಮಾಸ್ತನಿಗೆ ಮೊದಲ ಮೂರು ವರ್ಷ ಸಂಬಳವಿರಲಿಲ್ಲ.

ಈ ದಿನಾಂಕ ಕರ್ನಾಟಕದ ಇತಿಹಾಸವನ್ನು ಬಲ್ಲವರ ಗಮನ ಸೆಳೆಯದಿರದು. ಲ್ಯಾಂಬ್ ಲೇಖನಿ ಹಿಡಿಯುವುದಕ್ಕೆ ಮೂರು ವಾರಗಳ ಹಿಂದೆಯಷ್ಟೇ, 1792ರ ಮಾರ್ಚ್ 18ರಂದು, ಶ್ರೀರಂಗಪಟ್ಟಣದ ಒಪ್ಪಂದವಾಗಿತ್ತು. ಟಿಪ್ಪು ಸುಲ್ತಾನ್ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪುವಿನ ಅರಮನೆಯಿಂದ ಸಾಗಿಸಿದ ಮರದ ಹುಲಿ, ಹಿಡಿಕೆ ತಿರುಗಿಸಿದರೆ ಗರ್ಜಿಸುವ ಆ ಯಂತ್ರ, 1808ರಿಂದ ಇದೇ ಕಟ್ಟಡದಲ್ಲಿ ಪ್ರದರ್ಶನಕ್ಕಿತ್ತು. ಕಂಪೆನಿಯ ಇತಿಹಾಸವನ್ನು ಯುದ್ಧಗಳ, ಗವರ್ನರುಗಳ ಇತಿಹಾಸವಾಗಿ ಓದುವ ಅಭ್ಯಾಸವಿರುವ ನಮ್ಮಲ್ಲಿ, ಆ ಯುದ್ಧಗಳ ಫಲವನ್ನು ಲೆಡ್ಜರುಗಳಲ್ಲಿ ದಾಖಲಿಸಿದ ಗುಮಾಸ್ತರ ವಿಷಯಕ್ಕೆ ದೊರೆತ ಗಮನ ಕಡಿಮೆ.

ಗುಮಾಸ್ತನ ಕೆಲಸವೆಂದರೆ ಏನು? ಭಾರತದಿಂದಲೂ ಚೀನಾದಿಂದಲೂ ಬಂದ ಚಹಾ, ನೀಲಿ, ಬಟ್ಟೆಯ ಥಾನುಗಳನ್ನು ಕಂಪೆನಿ ಲಂಡನ್ನಿನಲ್ಲಿ ಹರಾಜು ಹಾಕುತ್ತಿತ್ತು. ಮಾಲಿನ ತೂಕ, ಬೆಲೆ, ಕೊಂಡವನ ಹೆಸರು, ಬಾಕಿ ಇವನ್ನೆಲ್ಲ ತಪ್ಪಿಲ್ಲದೆ ದೊಡ್ಡ ದೊಡ್ಡ ಪುಸ್ತಕಗಳಿಗೆ ಏರಿಸಬೇಕು. ಹರಾಜಿನ ದಿನಗಳಲ್ಲಿ ಕೆಲಸ ಹೊತ್ತು ಮೀರುತ್ತಿತ್ತು. ಇಷ್ಟರಲ್ಲಿ ಎಲ್ಲಿಯೂ ಬಾಯಿ ತೆರೆಯುವ ಅಗತ್ಯವಿರಲಿಲ್ಲ. ಸ್ಪಷ್ಟವಾದ ಕೈಬರಹ, ಕೂಡುವ ಕಳೆಯುವ ಅಭ್ಯಾಸ, ಜಾಮೀನು ನಿಲ್ಲುವ ಇಬ್ಬರು ಮರ್ಯಾದಸ್ಥರು ಇದ್ದರೆ ಸಾಕಾಗಿತ್ತು. ಅದೇ ಕಟ್ಟಡದಲ್ಲಿ 1819ರಿಂದ ಜೇಮ್ಸ್ ಮಿಲ್ ಮತ್ತು ಕಾದಂಬರಿಕಾರ ತಾಮಸ್ ಲವ್ ಪೀಕಾಕ್, 1823ರಿಂದ ಜಾನ್ ಸ್ಟುವರ್ಟ್ ಮಿಲ್ ಕೆಲಸ ಮಾಡುತ್ತಿದ್ದರು. ಅವರು ಭಾರತಕ್ಕೆ ಹೋಗುವ ಆಡಳಿತ ಪತ್ರಗಳ ಕರಡು ಬರೆಯುವ ವಿಭಾಗದವರು. ರಾಜ್ಯಭಾರದ ನೀತಿ ಅವರ ಲೇಖನಿಯಿಂದ ಹೊರಡುತ್ತಿತ್ತು. ಲ್ಯಾಂಬ್ ಮೂವತ್ತಮೂರು ವರ್ಷವೂ ಲೆಕ್ಕದ ಮೇಜಿನಲ್ಲಿಯೇ ಕಳೆದ. ತನ್ನ ನಿಜವಾದ ಕೃತಿಶ್ರೇಣಿ ಲೆಡನ್‌ಹಾಲ್ ಬೀದಿಯ ಕಪಾಟುಗಳಲ್ಲಿ ನೂರಾರು ಹೆಬ್ಬೊತ್ತಗೆಗಳಾಗಿ ನಿಂತಿದೆ ಎಂದು ಅವನು 1827ರಲ್ಲಿ, ಪರಿಚಿತರೊಬ್ಬರ ಸಂಗ್ರಹಕ್ಕಾಗಿ ಬರೆದ ಪುಟ್ಟ ಆತ್ಮವೃತ್ತಾಂತದಲ್ಲಿ ತಮಾಷೆ ಮಾಡಿದ್ದಾನೆ. ಆ ಬರಹದಲ್ಲಿ ತನ್ನ ಉಗ್ಗನ್ನೂ ನೇರವಾಗಿ ಪ್ರಸ್ತಾಪಿಸಿ, ಉದ್ದುದ್ದ ಭಾಷಣದ ಬದಲು ಚುಟುಕು ಮಾತನ್ನೋ ಸಾಧಾರಣ ಶ್ಲೇಷೆಯನ್ನೋ ಎಸೆದು ಸುಮ್ಮನಾಗುವುದು ತನಗೆ ಅದರಿಂದಲೇ ರೂಢಿಯಾಯಿತೆಂದು ಸೂಚಿಸಿದ್ದಾನೆ.

1796ರ ಸೆಪ್ಟೆಂಬರ್ 22ರ ಘಟನೆಯನ್ನು ಇಲ್ಲಿ ಹೇಳಲೇಬೇಕು. ಅದಿಲ್ಲದೆ ಅವನ ಉದ್ಯೋಗದ ಅರ್ಥ ತಿಳಿಯುವುದಿಲ್ಲ. ಹಗಲಿರುಳು ಹೊಲಿಗೆಯ ದುಡಿಮೆ, ಜೊತೆಗೆ ರೋಗಿಯಾದ ತಾಯಿಯ ಶುಶ್ರೂಷೆ ಇವುಗಳಿಂದ ಬಳಲಿದ್ದ ಅಕ್ಕ ಮೇರಿ ಚಿತ್ತವಿಭ್ರಮೆಯ ಆವೇಗದಲ್ಲಿ ಚಾಕುವಿನಿಂದ ತಾಯಿಯನ್ನೇ ಕೊಂದಳು. ಆಗ ಲ್ಯಾಂಬ್‌ಗೆ ಇಪ್ಪತ್ತೊಂದು ವರ್ಷ. ಹಿಂದಿನ ಚಳಿಗಾಲದಲ್ಲಿ ಅವನೇ ಆರು ವಾರ ಹಾಕ್ಸ್‌ಟನ್‌ನ ಮಾನಸಿಕ ಚಿಕಿತ್ಸಾಲಯದಲ್ಲಿದ್ದು ಬಂದಿದ್ದ. ವಿಚಾರಣೆಯಲ್ಲಿ ಮೇರಿಗೆ ಮತಿಭ್ರಮೆಯೆಂದು ನಿರ್ಣಯವಾಯಿತು. ಅವಳನ್ನು ಜೀವನಪೂರ್ತಿ ಚಿಕಿತ್ಸಾಲಯದಲ್ಲಿಯೇ ಇಡುವುದು ಅಣ್ಣ ಜಾನ್‌ನ ಅಭಿಪ್ರಾಯ. ಚಾರ್ಲ್ಸ್ ಒಪ್ಪಲಿಲ್ಲ. ಅವಳ ಹೊಣೆಯನ್ನು ಬದುಕಿರುವವರೆಗೆ ತಾನು ಹೊರುವುದಾಗಿ ಮಾತು ಕೊಟ್ಟು ಬಿಡಿಸಿಕೊಂಡ. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕತಮ್ಮಂದಿರು ಒಂದೇ ಮನೆಯಲ್ಲಿ ನೆಲೆಸಿದರು. ಮೇರಿಗೆ ರೋಗ ಮರುಕಳಿಸಿದಾಗಲೆಲ್ಲ ಚಿಕಿತ್ಸಾಲಯಕ್ಕೆ ಕರೆದೊಯ್ಯುವುದು, ತಿಳಿಯಾದಾಗ ಕರೆತರುವುದು ಅವನ ಪಾಲಿನ ನಿತ್ಯಕರ್ಮವಾಯಿತು. 1807ರಲ್ಲಿ ಪ್ರಕಟವಾಗಿ ಭಾರತದ ಶಾಲೆಗಳಲ್ಲೂ ಬಳಕೆಗೆ ಬಂದ ಷೇಕ್ಸ್‌ಪಿಯರ್ ಕಥೆಗಳಲ್ಲಿ ಇಪ್ಪತ್ತಕ್ಕೆ ಹದಿನಾಲ್ಕು ಮೇರಿಯವು. ಪುಸ್ತಕದ ಮೇಲೆ ಇದ್ದದ್ದು ತಮ್ಮನ ಹೆಸರು ಮಾತ್ರ.

ಒಂದು ವೇಳೆ ಲ್ಯಾಂಬ್‌ಗೆ ಉಗ್ಗಿರದಿದ್ದರೆ 1796ರಲ್ಲಿ ಅವನ ಸ್ಥಿತಿ ಏನಿರುತ್ತಿತ್ತು? ಗ್ರೀಷಿಯನ್ನರ ಕ್ರಮದಂತೆ ಅವನು ಆಗತಾನೆ ಕೇಂಬ್ರಿಜ್ ಮುಗಿಸಿ ಸಣ್ಣ ಚರ್ಚೊಂದರ ಸಹಾಯಕ ಪಾದ್ರಿಯ ಹುದ್ದೆಗೆ ಕಾಯುತ್ತಿರಬೇಕಾಗಿತ್ತು, ಇಲ್ಲವೇ ಕಾಲೇಜಿನ ಫೆಲೋ ಆಗಿ ಬ್ರಹ್ಮಚಾರಿಗಳ ವಸತಿಯಲ್ಲಿ ಇರಬೇಕಾಗಿತ್ತು. ಎರಡರಲ್ಲಿ ಯಾವುದರಿಂದಲೂ ಆ ಹೊತ್ತಿಗೆ ಮನೆ ಮಾಡಿ, ಕೊಲೆ ಮಾಡಿದ ಅಕ್ಕನಿಗೆ ಹೊಣೆ ನಿಲ್ಲುವುದು ಸುಲಭವಾಗಿರಲಿಲ್ಲ. ಕಂಪೆನಿಯ ಸಂಬಳ ಹೆಚ್ಚಿನದಲ್ಲದಿದ್ದರೂ ತಪ್ಪದೆ ಬರುವಂಥದು, ವರ್ಷ ವರ್ಷವೂ ಏರುವಂಥದು. ಹಾಗೆಂದು ಉಗ್ಗೇ ಅವನಿಗೆ ವರವಾಯಿತೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಇಂಥ ಸಮಾಧಾನವನ್ನು ಹಲವು ವಿಮರ್ಶಕರು ಬರೆದಿದ್ದಾರೆ; ಅದು ಕೇಳಲು ಇಂಪಾಗಿದೆಯೇ ಹೊರತು, ಕಳೆದುಕೊಂಡದ್ದು ಏನೆಂಬುದನ್ನು ಲ್ಯಾಂಬ್‌ನ ಬರಹಗಳಿಂದಲೇ ಕೇಳಬೇಕು.

1819ರ ಆಗಸ್ಟಿನಲ್ಲಿ ಕೇಂಬ್ರಿಜ್‌ಗೆ ಹೋಗಿದ್ದಾಗ ಅವನು ಒಂದು ಸಾನೆಟ್ ಬರೆದ. ಎಳವೆಯಲ್ಲಿ ಆ ವಿದ್ಯೆಯ ಹಾಲನ್ನು ಕುಡಿಯುವ ಭಾಗ್ಯವಿರದಿದ್ದವನು ಅಲ್ಲಿನ ಓಣಿಗಳಲ್ಲಿ ಅಡ್ಡಾಡುತ್ತ ತಾನೂ ಪದವೀಧರನೆಂದು ಕಲ್ಪಿಸಿಕೊಳ್ಳುವುದು ಅದರ ವಸ್ತು. ಮರುವರ್ಷ ಬರೆದ ‘ರಜೆಯ ಆಕ್ಸ್‌ಫರ್ಡ್’ ಎಂಬ ಪ್ರಬಂಧದಲ್ಲಿಯೂ ಇದೇ ಕನಸು ಮರಳುತ್ತದೆ: ವಿದ್ಯಾರ್ಥಿಗಳಿಲ್ಲದ ಹೊತ್ತು ನೋಡಿ ವಿಶ್ವವಿದ್ಯಾನಿಲಯವನ್ನು ಹೊಕ್ಕು, ಬಗೆಬಗೆಯ ಅಂತಸ್ತಿನ ವಿದ್ವಾಂಸನ ವೇಷವನ್ನು ಮನಸ್ಸಿನಲ್ಲಿಯೇ ತೊಟ್ಟುಕೊಂಡು ನಡೆಯುವ ಗುಮಾಸ್ತನೊಬ್ಬ ಅಲ್ಲಿ ಕಾಣುತ್ತಾನೆ. ಹಾಸ್ಯದ ಲೇಪವಿದ್ದರೂ ನಲವತ್ತೈದು ವರ್ಷದವನ ಈ ಆಟದೊಳಗೆ ಹದಿನಾಲ್ಕು ವರ್ಷದವನ ನೋವು ಆರಿರಲಿಲ್ಲ. ಅದೇ 1820ರಲ್ಲಿ ಶಾಲೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಅವನು ಗ್ರೀಷಿಯನ್ನರ ಹೆಸರುಗಳನ್ನು, ಅವರು ಏರಿದ ಸ್ಥಾನಗಳನ್ನು ಪ್ರೀತಿಯಿಂದ ಪಟ್ಟಿ ಮಾಡುತ್ತಾನೆ. ತನಗೆ ಆ ಸಾಲಿನಲ್ಲಿ ಜಾಗ ಏಕೆ ದೊರೆಯಲಿಲ್ಲವೆಂಬ ದೂರು ಅಲ್ಲಿಲ್ಲ.

ಮಾತಿನ ಮಂಡಲಿಗಳಲ್ಲಿ ಲ್ಯಾಂಬ್ ಮೂಕನಾಗಿರಲಿಲ್ಲ. ಅವನ ಮನೆಯಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಗೆಳೆಯರಲ್ಲಿ ಹ್ಯಾಜ್ಲಿಟ್, ಗಾಡ್ವಿನ್, ಲೀ ಹಂಟ್, ಊರಿಗೆ ಬಂದಾಗ ವರ್ಡ್ಸ್‌ವರ್ತ್, ಕೋಲ್‌ರಿಜ್ ಇರುತ್ತಿದ್ದರು. ಕೋಲ್‌ರಿಜ್ ಗಂಟೆಗಟ್ಟಲೆ ಮಾತಾಡುವವನು. ತಾನು ಉಪದೇಶ ಮಾಡುವುದನ್ನು ಎಂದಾದರೂ ಕೇಳಿದ್ದೀಯಾ ಎಂದು ಅವನು ಕೇಳಿದಾಗ, ನೀನು ಅದಲ್ಲದೆ ಬೇರೇನನ್ನೂ ಮಾಡಿದ್ದನ್ನು ಕೇಳಿಲ್ಲವೆಂದು ಲ್ಯಾಂಬ್ ಉಗ್ಗುತ್ತಲೇ ಉತ್ತರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಪಾದ್ರಿಯಾಗಲಾರದೆಂದು ಹಿಂದಕ್ಕೆ ಕಳುಹಿಸಿದ ಹುಡುಗ, ಪಾದ್ರಿಯಾಗಲೆಂದು ಮುಂದಕ್ಕೆ ಕಳುಹಿಸಿದವನಿಗೆ ಹೇಳಿದ ಮಾತಿದು ಎಂಬುದನ್ನು ನೆನೆದರೆ ಅದರ ಮೊನೆ ಇನ್ನಷ್ಟು ತಿಳಿಯುತ್ತದೆ. ಲ್ಯಾಂಬ್ ಉಗ್ಗುತ್ತ ಹೊರಹಾಕುವ ಅರ್ಧರ್ಧ ವಾಕ್ಯಗಳಲ್ಲಿ ಇಡೀ ಸಂಜೆಯ ಅತ್ಯುತ್ತಮ ಮಾತು ಅಡಗಿರುತ್ತಿತ್ತೆಂದು ಹ್ಯಾಜ್ಲಿಟ್ ಬರೆದಿದ್ದಾನೆ. ಸಮುದ್ರಸ್ನಾನಕ್ಕೆ ಹೋದ ಲ್ಯಾಂಬ್, ತನ್ನನ್ನು ಒಮ್ಮೆ ಮಾತ್ರ ಮುಳುಗಿಸಬೇಕೆಂದು ಹೇಳಿ ಮುಗಿಸುವುದರೊಳಗೆ ಸ್ನಾನದ ಆಳುಗಳು ಮೂರು ಸಲ ಮುಳುಗಿಸಿದ್ದರೆಂಬ ಕಥೆಯೂ ಉಂಟು. ಹೇಳಿದವರೆಲ್ಲ ನಗುತ್ತಲೇ ಹೇಳಿದ್ದಾರೆ. ಮುಳುಗಿದವನ ಕಡೆಯಿಂದ ನೋಡಿದರೆ ಅಷ್ಟೇನೂ ನಗೆಯ ವಿಷಯವಲ್ಲ.

ಈ ವಿನೋದಕ್ಕೆ ತೆರವೂ ಇತ್ತು. 1813ರಲ್ಲಿ ಪ್ರಕಟವಾದ ಕುಡುಕನೊಬ್ಬನ ನಿವೇದನೆಯ ಪ್ರಬಂಧದಲ್ಲಿ, ಹುಟ್ಟಿನಿಂದ ಮಾತಿನ ತಡೆಯಿದ್ದವನೊಬ್ಬ ಗೆಳೆಯರ ಚಪ್ಪಾಳೆಗೆ ಮಾರುಹೋಗಿ ಹಾಸ್ಯಗಾರನ ಪಾತ್ರ ವಹಿಸಿಕೊಂಡದ್ದೇ ಮದ್ಯದ ಚಟಕ್ಕೆ ದಾರಿಯಾದ ಬಗೆಯನ್ನು ಲ್ಯಾಂಬ್ ವಿವರಿಸುತ್ತಾನೆ. ಆ ಪ್ರಬಂಧವನ್ನು ಅಕ್ಷರಶಃ ಆತ್ಮಕಥೆಯೆಂದು ಓದಿದವರ ಮೇಲೆ ಅವನು 1822ರಲ್ಲಿ ಆಕ್ಷೇಪವೆತ್ತಿದ್ದುಂಟು. ಆದರೂ ಅದರೊಳಗಿನ ಉಗ್ಗು ಕಲ್ಪಿತವಲ್ಲ. ಅವನು ಮಿತಿಮೀರಿ ಕುಡಿಯುತ್ತಿದ್ದುದೂ ಗೆಳೆಯರ ಬರಹಗಳಿಂದ ತಿಳಿಯುವ ಸಂಗತಿಯೇ.

ಲಂಡನ್ ಮ್ಯಾಗಜೀನ್ ಪತ್ರಿಕೆಯ 1820ರ ಆಗಸ್ಟ್ ಸಂಚಿಕೆಯಲ್ಲಿ ಸೌತ್ ಸೀ ಹೌಸಿನ ನೆನಪುಗಳ ಪ್ರಬಂಧದೊಂದಿಗೆ ‘ಎಲಿಯಾ’ ಎಂಬ ಹೆಸರು ಕಾಣಿಸಿಕೊಂಡಿತು. ಹೆಸರು ಆ ಕಚೇರಿಯ ಇಟಲಿ ಮೂಲದ ಗುಮಾಸ್ತನೊಬ್ಬನಿಂದ ಎರವಲು ಪಡೆದದ್ದು. ಪ್ರಬಂಧದ ಪಾತ್ರಗಳು ಅಲ್ಲಿಯ ಮುದಿ ಲೆಕ್ಕಿಗರು. 1823ರಲ್ಲಿ ಈ ಪ್ರಬಂಧಗಳು ಪುಸ್ತಕವಾದವು, 1833ರಲ್ಲಿ ಎರಡನೆಯ ಸಂಪುಟ ಬಂತು. ಎಲಿಯಾನ ಗದ್ಯ ಉಪದೇಶದ ಗದ್ಯವಲ್ಲ. ಹೇಳಿ ತಡೆಯುತ್ತದೆ, ಹಿಂದಿರುಗಿ ತಿದ್ದುತ್ತದೆ, ಪಕ್ಕದ ವಿಷಯಕ್ಕೆ ಹೊರಳುತ್ತದೆ. ಇದನ್ನು ಉಗ್ಗಿನ ಪ್ರತಿರೂಪವೆಂದು ಹೇಳುವ ಮೋಹ ಉಂಟಾಗುವುದು ಸಹಜ; ಆದರೆ ಈ ಗುಣಗಳನ್ನು ಲ್ಯಾಂಬ್ ಹದಿನೇಳನೆಯ ಶತಮಾನದ ಬರ್ಟನ್, ತಾಮಸ್ ಬ್ರೌನ್ ಮುಂತಾದ ಗದ್ಯಕಾರರ ಓದಿನಿಂದಲೂ ಪಡೆದಿದ್ದ. ಉಗ್ಗಿನ ಪಾಲು ಇರುವುದು ಶೈಲಿಗಿಂತ ಹೆಚ್ಚಾಗಿ ವಸ್ತುವಿನಲ್ಲಿ ಎನ್ನುವುದು ಹೆಚ್ಚು ಸಮಂಜಸ. ಪಾದ್ರಿಯಾಗಿದ್ದರೆ ಅವನಿಗೆ ಗುಮಾಸ್ತರು ಗೊತ್ತಿರುತ್ತಿರಲಿಲ್ಲ.

ಕನ್ನಡದಲ್ಲಿ ಲಲಿತಪ್ರಬಂಧ ಎಂಬ ಪ್ರಕಾರ ರೂಪುಗೊಂಡಾಗ ಇಂಗ್ಲಿಷಿನ ಆತ್ಮೀಯ ಪ್ರಬಂಧ ಪರಂಪರೆ ಅದರ ಮುಂದಿತ್ತು. 1937ರಲ್ಲಿ ‘ಹಗಲುಗನಸುಗಳು’ ಸಂಕಲನವನ್ನು ಪ್ರಕಟಿಸಿದ ಎ. ಎನ್. ಮೂರ್ತಿರಾಯರು ಇಂಗ್ಲಿಷ್ ಅಧ್ಯಾಪಕರು. ಲ್ಯಾಂಬ್‌ನನ್ನು ತರಗತಿಯಲ್ಲಿ ಓದಿದ ತಲೆಮಾರುಗಳು ಅವನ ಹಾಸ್ಯವನ್ನು, ಅಕ್ಕನ ಮೇಲಿನ ಅವನ ತ್ಯಾಗವನ್ನು ಬಲ್ಲವು. ಅವನು ಗುಮಾಸ್ತನಾದದ್ದು ಏಕೆಂಬ ಪ್ರಶ್ನೆ ಮಾತ್ರ ಪೀಠಿಕೆಗಳಲ್ಲಿ ಒಂದು ವಾಕ್ಯಕ್ಕೆ ಮುಗಿದುಹೋಗುವಂಥದು.

ಕಚೇರಿಯನ್ನು ಲ್ಯಾಂಬ್ ಪತ್ರಗಳ ತುಂಬ ಬೈದಿದ್ದಾನೆ. ಆದರೂ 1823ರ ಜನವರಿಯಲ್ಲಿ ಬರ್ನಾರ್ಡ್ ಬಾರ್ಟನ್ ಎಂಬ ಕವಿ ತನ್ನ ಬ್ಯಾಂಕಿನ ಗುಮಾಸ್ತಿಕೆ ಬಿಟ್ಟು ಬರವಣಿಗೆಯಿಂದಲೇ ಬದುಕುವ ಯೋಚನೆ ತಿಳಿಸಿದಾಗ, ಪ್ರಕಾಶಕರನ್ನು ನಂಬಿ ಮೇಜನ್ನು ಬಿಡಬೇಡವೆಂದು ಕಟುವಾಗಿ ಎಚ್ಚರಿಸಿದ. 1825ರ ಮಾರ್ಚ್ 29ರಂದು ಅವನಿಗೆ ನಿವೃತ್ತಿ ದೊರೆಯಿತು. ಸಂಬಳದ ಮೂರರಲ್ಲಿ ಎರಡು ಪಾಲು, ವರ್ಷಕ್ಕೆ 450 ಪೌಂಡು. ಅದರಲ್ಲಿ ತನ್ನ ನಂತರ ಅಕ್ಕನಿಗೆ ಸಲ್ಲಬೇಕಾದ ವ್ಯವಸ್ಥೆಗೆಂದು 9 ಪೌಂಡು ಕಳೆದು ಕೈಗೆ ಬಂದದ್ದು 441 ಪೌಂಡು. 1834ರ ಡಿಸೆಂಬರ್ 27ರಂದು ಎಡ್ಮಂಟನ್ನಿನಲ್ಲಿ ಅವನು ತೀರಿಕೊಂಡ. ಮೇರಿ 1847ರವರೆಗೆ ಬದುಕಿದ್ದಳು. ತಾಯಿಯ ಸಾವಿನ ಸತ್ಯವನ್ನು ಜೀವನಚರಿತ್ರಕಾರ ಟ್ಯಾಲ್‌ಫರ್ಡ್ 1848ರಲ್ಲಷ್ಟೇ ಬಹಿರಂಗಪಡಿಸಿದ.

ಚರ್ಚಿನ ಬಾಗಿಲು ಉಗ್ಗುವವರಿಗೆ ಎಲ್ಲ ಕಡೆಯೂ, ಎಲ್ಲ ಕಾಲದಲ್ಲೂ ಮುಚ್ಚಿತ್ತೆಂದು ಭಾವಿಸಬಾರದು. ಲ್ಯಾಂಬ್ ತಾರುಣ್ಯದಲ್ಲಿ ಬಹುವಾಗಿ ಮೆಚ್ಚಿದ್ದ ಜೋಸೆಫ್ ಪ್ರೀಸ್ಟ್ಲಿ ಉಗ್ಗುತ್ತಿದ್ದರೂ 1755ರಲ್ಲಿ ನೀಡಮ್ ಮಾರ್ಕೆಟ್‌ನಲ್ಲಿ ಅಧಿಕೃತ ಚರ್ಚಿಗೆ ಹೊರತಾದ ಪಂಥದ ಉಪದೇಶಕನಾದ. ಸಭಿಕರು ಅವನಿಂದ ದೂರ ಸರಿದುದಕ್ಕೆ ಅವನ ಮತವಿಚಾರಗಳೊಡನೆ ಮಾತಿನ ತೊಡಕೂ ಕಾರಣವಾಗಿತ್ತು. ಅವನು ಅಧ್ಯಾಪನದ ಕಡೆಗೂ ರಸಾಯನ ವಿಜ್ಞಾನದ ಕಡೆಗೂ ಹೊರಳಿದ. ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್‌ಲಿ ಉಗ್ಗುತ್ತಲೇ ಪಾದ್ರಿಯಾದ, 1860ರಲ್ಲಿ ಕೇಂಬ್ರಿಜ್‌ನ ಇತಿಹಾಸ ಪ್ರಾಧ್ಯಾಪಕನೂ ಆದ. ಜೇಮ್ಸ್ ಹಂಟ್ ಎಂಬ ವಾಕ್‌ಚಿಕಿತ್ಸಕನ ಬಳಿ ಅಭ್ಯಾಸ ಮಾಡಿದ. ಕಿಂಗ್ಸ್‌ಲಿಯ ಬೆನ್ನಿಗೆ ಅನುಕೂಲಸ್ಥ ಮನೆತನವಿತ್ತು, ಧರ್ಮಶಾಲೆಯ ಕರಾರು ಇರಲಿಲ್ಲ.

ಅದೇ ಚಿಕಿತ್ಸಕನ ಬಳಿಗೆ ಹೋಗಿದ್ದ ಮತ್ತೊಬ್ಬನೆಂದರೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತಾಧ್ಯಾಪಕ ಚಾರ್ಲ್ಸ್ ಡಾಡ್‌ಸನ್, ಅಂದರೆ ಲೂಯಿಸ್ ಕ್ಯಾರೊಲ್. ಅವನ ಸ್ಥಾನಕ್ಕೂ ದೀಕ್ಷೆ ಪಡೆಯಬೇಕೆಂಬ ಷರತ್ತಿತ್ತು. 1861ರ ಡಿಸೆಂಬರಿನಲ್ಲಿ ಅವನು ಡೀಕನ್ ಎಂಬ ಮೊದಲ ಹಂತದ ದೀಕ್ಷೆ ಪಡೆದ. ಪೂರ್ಣ ಪೌರೋಹಿತ್ಯಕ್ಕೆ ಮುಂದುವರಿಯಲಿಲ್ಲ. ಇದಕ್ಕೆ ಹಲವು ಕಾರಣಗಳನ್ನು ಹೇಳುವುದುಂಟು, ಉಗ್ಗು ಅವುಗಳಲ್ಲೊಂದು. ನಿಯಮದಂತೆ ಅವನು ಹುದ್ದೆ ಕಳೆದುಕೊಳ್ಳಬೇಕಾಗಿತ್ತು. 1862ರಲ್ಲಿ ಕಾಲೇಜಿನ ಮುಖ್ಯಸ್ಥ ಡೀನ್ ಲಿಡೆಲ್ ಮೊದಲು ವಿಷಯವನ್ನು ಆಡಳಿತ ಮಂಡಲಿಯ ಮುಂದಿಡುವ ಮಾತಾಡಿ, ಆಮೇಲೆ ಮನಸ್ಸು ಬದಲಿಸಿ ಸುಮ್ಮನಾದ. ಡಾಡ್‌ಸನ್ 1881ರವರೆಗೆ ಅಲ್ಲಿಯೇ ಗಣಿತ ಪಾಠ ಹೇಳಿ, 1898ರಲ್ಲಿ ಸಾಯುವವರೆಗೂ ಕಾಲೇಜಿನ ಕೊಠಡಿಗಳಲ್ಲಿಯೇ ವಾಸವಾಗಿದ್ದ.